ಕುಮಾರಸ್ವಾಮಿಯ ಬೆಟ್ಟದ ದಾರಿಯಲ್ಲಿ

ಸಂಡೂರನ್ನು ಮಳೆಗಾಲದ ಕೊನೆಯಲ್ಲಿ ನೋಡಬೇಕೆಂದು ಬಲ್ಲವರು ಹೇಳುವುದುಂಟು. 1934ರಲ್ಲಿ ಇಲ್ಲಿಗೆ ದಯಮಾಡಿಸಿದ್ದ ಮಹಾತ್ಮಾ ಗಾಂಧಿಯವರೂ ಸೆಪ್ಟೆಂಬರಿನ ಸಂಡೂರನ್ನೇ ಕೊಂಡಾಡಿದರೆಂಬುದು ಊರವರ ಹೆಮ್ಮೆಯ ಮಾತು. ಕಬ್ಬಿಣದ ಅದಿರಿನಿಂದ ರಕ್ತವರ್ಣವಾದ ನೆಲ, ಅದರ ಮೇಲೆ ಹಾಸಿದಂತಿರುವ ಎಳೆಹಸುರು, ಬೆಟ್ಟದ ಸಾಲನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ, ಇವುಗಳ ಶೋಭೆಯನ್ನು ಆಗಲೇ ಕಾಣಬೇಕು. ಅಂತಹದೊಂದು ದಿನ ನಾವು ಸಕುಟುಂಬರಾಗಿ ಕುಮಾರಸ್ವಾಮಿಯ ಬೆಟ್ಟಕ್ಕೆ ಹೊರಟೆವು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಮೂರು ತಿಂಗಳು ತುಂಬಿದ್ದವು. ಕೂಸು ದಿನ ತುಂಬುವುದಕ್ಕೆ ಮೊದಲೇ ಹುಟ್ಟಿದ್ದು. ಮೊದಲ ವಾರಗಳಲ್ಲಿ ಅದು ಕುಡಿದ ಹಾಲಿನ ಗುಟುಕುಗಳನ್ನು ಅವಳು ಎಣಿಸುತ್ತಿದ್ದಳು. ಈಗ ಚೇತರಿಸಿಕೊಂಡಿತ್ತು.

ಉಪಾಧ್ಯಾಯವೃತ್ತಿಯ ಹಳೆಯ ಚಾಳಿ ಬಿಡಲೊಲ್ಲದು. ದಾರಿಯಲ್ಲಿ ನಾವು ಪಾಠವನ್ನಾರಂಭಿಸಿದೆವು. ಬಳ್ಳಾರಿ ಸೀಮೆಯ ಭೂಸ್ತರಗಳನ್ನು ಶೋಧಿಸಿ 1895ರಲ್ಲಿ ಗ್ರಂಥವನ್ನು ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸರ ವಿಷಯವನ್ನು ಹೇಳಿದೆವು. ಕುಡತಿನಿಯ ಬಳಿ ಇರುವ ಬೂದಿಯ ದಿಬ್ಬವನ್ನು ಜನರು ರಾಕ್ಷಸನ ಚಿತಾಭಸ್ಮವೆಂದು ನಂಬಿದ್ದರು. ಅದು ನವಶಿಲಾಯುಗದ ಗೋಪಾಲಕರು ದನದ ಸಗಣಿಯನ್ನು ಸುಟ್ಟು ಉಳಿದ ಬೂದಿಯೆಂದು ಈಗ ನಿರ್ಣಯವಾಗಿದೆ. ಗೋಕಾಕದ ಸಮೀಪದಲ್ಲಿ ದೊರೆತ ಪ್ರಾಚೀನ ಖಡ್ಗಮೃಗದ ಎಲುಬುಗಳನ್ನು 1874ರಲ್ಲಿ ವರ್ಣಿಸಿದವರೂ ಇದೇ ಫೂಟ್ ಸಾಹೇಬರು. ನಮ್ಮ ನಾಡಿನಲ್ಲಿಯೂ ಒಮ್ಮೆ ಖಡ್ಗಮೃಗಗಳು ತಿರುಗಾಡುತ್ತಿದ್ದವೆಂದು ಹೇಳಿ ನಾವು ಮಗಳ ಮುಖವನ್ನು ನೋಡಿದೆವು.

"ಅದರ ಸಂಗಡ ಮರಿ ಇತ್ತೇ ಅಪ್ಪ?" ಎಂದಳು.

ಅನಂತರ ತಾನೇ ಒಂದು ಸಂಗತಿಯನ್ನು ಹೇಳಿದಳು. ರಾತ್ರಿ ಕೂಸಿಗೆ ಹಾಲೂಡಿಸುತ್ತ ಓದಿದ್ದಂತೆ. 2007ರಲ್ಲಿ ಸೈಬೀರಿಯದ ಯಮಾಲ್ ಪ್ರಾಂತದ ನದೀತೀರದಲ್ಲಿ ಹಿಮಸಾರಂಗಗಳನ್ನು ಮೇಯಿಸುವವನೊಬ್ಬನಿಗೆ ಮಾಮತ್ ಎಂಬ ಪ್ರಾಚೀನ ಆನೆಯ ಮರಿಯೊಂದು ಕಾಣಿಸಿತು. ಹೆಣ್ಣುಮರಿ, ವಯಸ್ಸು ಸುಮಾರು ಒಂದು ತಿಂಗಳು. ಕೆಸರಿನಲ್ಲಿ ಸಿಕ್ಕಿ ಉಸಿರುಗಟ್ಟಿ ಸತ್ತು, ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು 42,000 ವರ್ಷ ಕೆಡದೆ ಮಲಗಿತ್ತು. ಅದಕ್ಕೆ ಆ ಮೇಯಿಸುವವನ ಹೆಂಡತಿಯ ಹೆಸರನ್ನೇ ಇಟ್ಟು ಲ್ಯೂಬಾ ಎಂದು ಕರೆದರು. ಪ್ರೀತಿ ಎಂಬರ್ಥದ ರಷ್ಯನ್ ಪದದಿಂದ ಬಂದ ಹೆಸರು. ಪಂಡಿತರು ಪರೀಕ್ಷಿಸಿದಾಗ ಅದರ ಹೊಟ್ಟೆಯಲ್ಲಿ ತಾಯಿಯ ಹಾಲಿನ ಅವಶೇಷವಿತ್ತು.

"ಹಾಲು ಕುಡಿದೇ ಹೋಗಿದೆಯಪ್ಪ. ತಾಯಿ ದಡದಲ್ಲಿ ಎಷ್ಟು ಹೊತ್ತು ನಿಂತಿದ್ದಳೋ!" ಎಂದವಳೇ ಕಣ್ಣೀರಿಟ್ಟಳು.

ನಾವು ಲೋಕರೂಢಿಯಂತೆ ಸಮಾಧಾನ ಹೇಳಿದೆವು: "ನಲವತ್ತೆರಡು ಸಾವಿರ ವರ್ಷದ ಹಿಂದಿನ ಮಾತಿಗೆ ಇಂದು ಅಳುವುದುಂಟೆ? ಬಾಣಂತಿಯ ಮನಸ್ಸು ಮೃದು."

ಆಗ, ಅದುವರೆಗೆ ಸುಮ್ಮನಿದ್ದ ನಮ್ಮ ಗೃಹಿಣಿ ಕಿಟಕಿಯ ಕಡೆಗೆ ಮುಖ ಮಾಡಿಯೇ ನುಡಿದಳು: "ನಮ್ಮ ಮೊದಲನೆಯದೂ ಹಾಲು ಕುಡಿದೇ ಹೋಯಿತು. ಇಪ್ಪತ್ತೊಂದನೆಯ ದಿನ."

ಮಗಳಿಗೆ ಈ ವಿಷಯ ತಿಳಿದಿರಲಿಲ್ಲ. ಮೂವತ್ತೈದು ವರ್ಷಗಳಲ್ಲಿ ನಮ್ಮಿಬ್ಬರ ನಡುವೆಯೂ ಆ ಮಾತು ಬಂದಿರಲಿಲ್ಲ. ನಾವು ಶಾಲೆಯ ಕೆಲಸದಲ್ಲಿ ಮುಳುಗಿ ಮರೆತೆವು. ಅವಳೂ ಮರೆತಳೆಂದು ತಿಳಿದಿದ್ದೆವು. ಮಗಳು ಕೂಸನ್ನು ತಾಯಿಯ ಮಡಿಲಲ್ಲಿಟ್ಟಳು. ಯಾರೂ ಮಾತನಾಡಲಿಲ್ಲ.

ಬೆಟ್ಟದ ಮೇಲೆ ಕುಮಾರಸ್ವಾಮಿಯ ಗುಡಿಯ ಪಕ್ಕದಲ್ಲಿಯೇ ಪಾರ್ವತಿಯ ಗುಡಿಯಿದೆ. ಬಾದಾಮಿ ಚಾಲುಕ್ಯರ ಕಾಲದ ಪ್ರಾಚೀನ ರಚನೆ. ಕುಮಾರನು ತಾಯಿಯ ಮೇಲೆ ಮುನಿದು ಈ ಗಿರಿಗೆ ಬಂದನೆಂದೂ, ಕುಡಿದ ಹಾಲನ್ನೇ ಕಾರಿದನೆಂದೂ ಜನರು ಹೇಳುವರು. ಸ್ತ್ರೀಯರು ಅವನ ದರ್ಶನ ಮಾಡಬಾರದೆಂಬ ಕಟ್ಟಳೆ ಬಹುಕಾಲ ನಡೆದುಬಂದದ್ದು ಈ ಕಥೆಯಿಂದಲೇ. ಈ ಪುರಾಣವನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಮಗನು ಮುನಿದದ್ದನ್ನು ಹೇಳಿದೆವಲ್ಲದೆ, ಹಾಲು ಕೊಟ್ಟವಳಿಗೆ ಏನಾಯಿತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅಂದು ತಾಯಿ ಮಗಳಿಬ್ಬರೂ ಪಾರ್ವತಿಯ ಸನ್ನಿಧಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ನಾವು ಹೊರಗೆ ಕಂಬಕ್ಕೊರಗಿ ಕಾದೆವು.

ಇಳಿದುಬರುವಾಗ ಕೂಸು ಎದ್ದು ಹಸಿವಿನಿಂದ ಅತ್ತಿತು. ಮರದ ನೆರಳಿನಲ್ಲಿ ವಾಹನವನ್ನು ನಿಲ್ಲಿಸಿ ನಾವು ದೂರ ಹೋಗಿ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಗೃಹಿಣಿ ನಮ್ಮ ಬಳಿಗೆ ಬಂದಳು. "ಅದಕ್ಕೆ ಏನು ಹೆಸರಿಡಬೇಕೆಂದಿದ್ದೆವು, ನೆನಪಿದೆಯೆ?" ಎಂದು ಕೇಳಿದಳು.

ನೆನಪಿತ್ತು. ಹೇಳಿದೆವು.