ಮಗ್ಗ ನಿಂತಾಗ ಕೇಳಿಸದ್ದು

ತಮಿಳುನಾಡಿನ ಸೋಮನೂರಿನಲ್ಲಿರುವ ನನ್ನ ಮಾವನ ಮನೆಯಲ್ಲಿ ಮಾತಾಡುವುದಕ್ಕೊಂದು ಪದ್ಧತಿಯಿದೆ. ಹತ್ತಿರ ಹೋಗಬೇಕು, ಎದುರಿನವರ ಬಾಯಿ ನೋಡುತ್ತಿರಬೇಕು, ಜಗಳಕ್ಕೆ ನಿಂತವರ ದನಿ ತೆಗೆಯಬೇಕು. ಹಜಾರದ ಗೋಡೆಯಾಚೆಗೇ ಮಗ್ಗದ ಕೊಟ್ಟಿಗೆ. ಅದರಲ್ಲಿ ಎಂಟು ವಿದ್ಯುತ್ ಮಗ್ಗ. ಮದುವೆಯಾದ ಹೊಸತರಲ್ಲಿ ಅತ್ತೆ "ಇನ್ನೊಂದ್ ಸೌಟು ಅನ್ನ ಹಾಕ್ಲಾ?" ಎಂದು ಕೇಳಿದ್ದು ನನಗೆ ಗದರಿದಂತೆ ಕೇಳಿ, ಅರ್ಧ ಹೊಟ್ಟೆಯಲ್ಲೇ ಎದ್ದು ಕೈ ತೊಳೆದಿದ್ದೆ.

ಅವರು ದೇವಾಂಗ ನೇಕಾರರು. ಮನೆದೇವತೆ ಚೌಡೇಶ್ವರಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ್ಗದ ಕೊಟ್ಟಿಗೆ ಇವೆರಡರ ನಡುವೆ ಇರುವುದರಿಂದಲೋ ಏನೋ, ಅಲ್ಲಿ ಮಗ್ಗ 'ತರಿ' ಆಗುತ್ತದೆ, ಹಾಸು 'ಪಾವು' ಆಗುತ್ತದೆ, ಬೈಗುಳ ಮಾತ್ರ ಅಚ್ಚಗನ್ನಡದಲ್ಲೇ ಉಳಿಯುತ್ತದೆ.

ಈ ಮನೆಗೆ ಹೋಮ್ ಥಿಯೇಟರ್ ತಂದವನು ನನ್ನ ಭಾವಮೈದ. ಐದು ಪುಟ್ಟ ಸ್ಪೀಕರು, ಒಂದು ರಿಸೀವರು, ಮೂಲೆಯಲ್ಲಿ ಕೂರಿಸಲು ಅಕ್ಕಿಡಬ್ಬದಷ್ಟು ದೊಡ್ಡ ಸಬ್‌ವೂಫರು. ಮನೆಯವರೆಲ್ಲ ಅದನ್ನು ಕರೆಯುವುದು 'ಡಬ್ಬಾ' ಎಂದೇ. ಹಬ್ಬಕ್ಕೆ ಹೋದಾಗಲೆಲ್ಲ ರಾತ್ರಿ ಊಟವಾದ ಮೇಲೆ ಒಂದು ಸಿನಿಮಾ. ನಾಯಕ ಗುದ್ದಿದರೆ ನೆಲ ನಡುಗುತ್ತಿತ್ತು, ಕುರ್ಚಿಯ ಕಾಲು ನಡುಗುತ್ತಿತ್ತು, ಉಕ್ಕಿನ ಲೋಟದ ನೀರಿನಲ್ಲಿ ಬಳೆಬಳೆಯಾಗಿ ಅಲೆ ಏಳುತ್ತಿತ್ತು. "ಡಬ್ಬಾದ ತಾಕತ್ತು ನೋಡಿ ಭಾವ" ಎನ್ನುತ್ತಿದ್ದ ಅವನು. ನೋಡುತ್ತಿದ್ದೆ, ಮೆಚ್ಚುತ್ತಿದ್ದೆ. ಬೆಂಗಳೂರಿಗೆ ಮರಳಿ, ನಮ್ಮ ಫ್ಲ್ಯಾಟಿನ ಟೀವಿಯ ಸೊಳ್ಳೆದನಿ ಕೇಳಿ ಹೊಟ್ಟೆಕಿಚ್ಚೂ ಪಡುತ್ತಿದ್ದೆ.

2022ರ ಸಂಕ್ರಾಂತಿಗೆ ಹೋದಾಗ ಆ ಮನೆಯಲ್ಲಿ ಯಾರೋ ತೀರಿಕೊಂಡಂತಿತ್ತು. ಮಗ್ಗ ನಿಂತಿತ್ತು. ನಮ್ಮ ಮನೆಯದಷ್ಟೇ ಅಲ್ಲ, ಊರಿನವೆಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕೂಲಿ ನೇಕಾರರು ಜನವರಿ 9ರಿಂದ ಮುಷ್ಕರ ಹೂಡಿದ್ದರು. ಇಲ್ಲಿ ಬಹುಪಾಲು ಮಗ್ಗದವರು ನೂಲಿನ ಒಡೆಯರಲ್ಲ. ಜವಳಿ ಉತ್ಪಾದಕರು ನೂಲು ಕೊಡುತ್ತಾರೆ, ಇವರು ನೇಯ್ದುಕೊಟ್ಟು ಕೂಲಿ ಪಡೆಯುತ್ತಾರೆ. ಹಿಂದಿನ ನವೆಂಬರಿನಲ್ಲಿ ನಡೆದ ಮಾತುಕತೆಯಲ್ಲಿ ಸೋಮನೂರು ಬಗೆಯ ಬಟ್ಟೆಗೆ ಶೇ 23, ಉಳಿದವಕ್ಕೆ ಶೇ 20 ಕೂಲಿ ಏರಿಸುವುದೆಂದು ಒಪ್ಪಂದವಾಗಿತ್ತು. ಒಪ್ಪಿದ್ದು ಕೈಗೆ ಬಂದಿರಲಿಲ್ಲ. ಮಾವ ಇದನ್ನು ನನಗೆ ಪಿಸುದನಿಯಲ್ಲಿ ಹೇಳಿದರು. ಅವರಿಗೆ ಪಿಸುದನಿ ಬರುತ್ತದೆ ಎಂಬುದೇ ನನಗೆ ಹತ್ತು ವರ್ಷದಲ್ಲಿ ಮೊದಲ ಸಲ ಗೊತ್ತಾಗಿದ್ದು.

ಮಾಟ್ಟು ಪೊಂಗಲ್ ದಿನ ರಾತ್ರಿ, ಬೇಜಾರು ಕಳೆಯಲೆಂದು ಭಾವಮೈದ ಕೆಜಿಎಫ್ ಹಾಕಿದ. ಕನ್ನಡದಲ್ಲೇ ನೋಡಬೇಕೆಂದು ಅತ್ತೆಯ ಹಟ. ರವಿ ಬಸ್ರೂರರ ಹಿನ್ನೆಲೆ ಸಂಗೀತ ಎಂದರೆ ಗುಡುಗಿಗೆ ತಾಳ ಕಟ್ಟಿದ ಹಾಗೆ ಇರಬೇಕು ತಾನೆ? ಅಂದು ಅದು ತಗಡಿನ ಡಬ್ಬದೊಳಗೆ ಕಡಲೆ ಅಲ್ಲಾಡಿಸಿದಂತೆ ಕೇಳಿತು. ನೆಲ ನಡುಗಲಿಲ್ಲ. ಲೋಟದ ನೀರು ಕನ್ನಡಿಯಂತಿತ್ತು. ಭಾವಮೈದ ದನಿ ಏರಿಸಿದ, ಮತ್ತೂ ಏರಿಸಿದ. ಕಡಲೆ ಹೆಚ್ಚಾಯಿತೇ ಹೊರತು ಗುಡುಗು ಬರಲಿಲ್ಲ.

ಮಾವ ಎದ್ದುಹೋಗಿ, ಡಬ್ಬಾದ ಮೇಲೆ ಅಂಗೈ ಊರಿ ಒಂದು ಗಳಿಗೆ ನಿಂತರು. ಹಸುವಿಗೆ ಜ್ವರ ನೋಡುವವರ ಹಾಗೆ. "ಇದು ಓಡ್ತಾ ಇಲ್ಲ" ಎಂದರು. ಮತ್ತೆ ಸ್ವಲ್ಪ ಹೊತ್ತು ಬಿಟ್ಟು, "ಯಾವತ್ತಿಂದ ಓಡ್ತಾ ಇಲ್ಲ?" ಎಂದರು.

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಇಷ್ಟು ವರ್ಷ ನೆಲ ನಡುಗಿಸಿದ್ದು ಗೋಡೆಯಾಚೆಯ ಮಗ್ಗ! ಅವರ ಹಳೆಯ ಮಗ್ಗದಲ್ಲಿ ಲಾಳಿ ನಿಮಿಷಕ್ಕೆ ಸುಮಾರು 120 ಸಲ, ಅಂದರೆ ಸೆಕೆಂಡಿಗೆ 2 ಸಲ ಹಾಯುತ್ತದೆ. ಹಾದಾಗಲೆಲ್ಲ ಹಣಿಗೆ ನೂಲನ್ನು ಬಡಿಯುತ್ತದೆ. ಮನುಷ್ಯನ ಕಿವಿ ಗುರುತಿಸುವುದು ಸೆಕೆಂಡಿಗೆ 20 ಕಂಪನದಿಂದ ಮೇಲಿನದನ್ನು. ಅದಕ್ಕಿಂತ ಕೆಳಗಿನದು ಅಂಗಾಲಿಗೆ, ಬೆನ್ನಿಗೆ, ಲೋಟದ ನೀರಿಗೆ. ನಾವು ಆ ನಡುಕವನ್ನೆಲ್ಲ ನಾಯಕನ ಗುದ್ದಿನ ಲೆಕ್ಕಕ್ಕೆ ಬರೆದುಕೊಂಡಿದ್ದೆವು. 1974ರಲ್ಲಿ ಅಮೆರಿಕದವರು 'ಅರ್ಥ್‌ಕ್ವೇಕ್' ಎಂಬ ಸಿನಿಮಾಕ್ಕಾಗಿ ಥಿಯೇಟರುಗಳಲ್ಲಿ ಆಳೆತ್ತರದ ಸ್ಪೀಕರುಗಳನ್ನಿಟ್ಟು, ಸೆನ್ಸರೌಂಡ್ ಎಂದು ಹೆಸರು ಕೊಟ್ಟು, ಪ್ರೇಕ್ಷಕರನ್ನು ಕುರ್ಚಿ ಸಮೇತ ನಡುಗಿಸಿದರಂತೆ. ಸೋಮನೂರಿಗೆ ಬಂದಿದ್ದರೆ ಆ ಖರ್ಚು ಉಳಿಯುತ್ತಿತ್ತು.

ಮಾರನೆಯ ದಿನ ಭಾನುವಾರ. ಕೋವಿಡ್ಡಿನ ಮೂರನೆಯ ಅಲೆ. ತಮಿಳುನಾಡಿನಲ್ಲಿ ಆಗ ಭಾನುವಾರವೆಂದರೆ ಪೂರ್ತಿ ಲಾಕ್‌ಡೌನ್. ರಿಪೇರಿಯವನನ್ನು ಕರೆಯುವಂತಿಲ್ಲ. ಮನೆಯಲ್ಲಿ ಒಬ್ಬ ಬೆಂಗಳೂರಿನ ಅಳಿಯ, ಅಂದರೆ ಎಲ್ಲ ಬಲ್ಲವನು, ಇದ್ದಾನಲ್ಲ ಎಂದು ನನ್ನನ್ನು ಡಬ್ಬಾದ ಮುಂದೆ ಕೂರಿಸಿದರು. ನಾನು ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುವವನು. ಆದರೂ ಸ್ಕ್ರೂಡ್ರೈವರ್ ಹಿಡಿದು ಒಮ್ಮೆಗೇ ಹಿಂಬದಿಯ ತಿರುಪಿಗೆ ಕೈ ಹಾಕಿದೆ.

"ಇರಿ ಇರಿ" ಎಂದರು ಮಾವ. "ತರಿ ನಿಂತ್ರೆ ನೀವು ಮೊದ್ಲು ಮೋಟ್ರು ಬಿಚ್ತೀರಾ?"

ಮಗ್ಗ ನಿಂತರೆ ಮೊದಲು ಕರೆಂಟು, ಆಮೇಲೆ ನೂಲು, ಆಮೇಲೆ ಲಾಳಿ, ಆಮೇಲೆ ಬೆಲ್ಟು. ಮೋಟಾರು ಎಲ್ಲಕ್ಕೂ ಕೊನೆಗೆ. ಬಿಚ್ಚಿದ್ದು ಮತ್ತೆ ಕೂಡದೆ ಹೋದರೆ ಮುಗಿಯಿತಲ್ಲ. ಐವತ್ತು ವರ್ಷದ ಈ ಶಿಸ್ತಿಗೆ ನಾನು ಸ್ಕ್ರೂಡ್ರೈವರ್ ಒಪ್ಪಿಸಿದೆ. ಅಲ್ಲಿಂದ ರಿಪೇರಿ ಅವರದು, ಟಾರ್ಚು ಹಿಡಿಯುವ ಕೆಲಸ ನನ್ನದು.

ಕರೆಂಟಿತ್ತು, ದೀಪ ಕೆಂಪಗಿತ್ತು. ಕೆಂಪು ಎಂದರೆ ನಿದ್ದೆ. ಸಂಕೇತ ಬಂದರೆ ತಾನಾಗಿ ಎಚ್ಚತ್ತು ಹಸಿರಾಗಬೇಕು. ಎಚ್ಚರವಾಗುತ್ತಿಲ್ಲ ಎಂದರೆ ಕರೆಯೇ ಬರುತ್ತಿಲ್ಲ, ಇಲ್ಲವೇ ಬಂದರೂ ಇದಕ್ಕೆ ಕಿವಿಯಿಲ್ಲ. ಹಿಂಬದಿ ತಿರುಗಿಸಿದೆವು. ಗಾಳಿ ಹೊರಬರಲು ಬಿಟ್ಟ ಕೊಳವೆಯ ತುಂಬ ಹತ್ತಿಯ ಧೂಳು ಗುಬ್ಬಿಗೂಡಿನ ಹಾಗೆ ಮೆತ್ತಿಕೊಂಡಿತ್ತು. ಸೋಮನೂರಿನಲ್ಲಿ ಹತ್ತಿಯ ಧೂಳು ಇಲ್ಲದ ಜಾಗವೆಂದರೆ ಹಾಲಿನ ಪಾತ್ರೆ ಮಾತ್ರ, ಅದೂ ಮುಚ್ಚಿಟ್ಟರೆ. ಧೂಳು ತೆಗೆದರು, ಫ್ಯೂಸು ನೋಡಿದರು. ಸರಿಯಿತ್ತು. ಇನ್ನು ಉಳಿದದ್ದು ರಿಸೀವರಿನಿಂದ ಬರುವ ಒಂಟಿ ವೈರು.

ಇಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ವಿದ್ಯೆ ಕೆಲಸಕ್ಕೆ ಬಂತು. ದನಿ ತಗ್ಗಿಸಿ, ರಿಸೀವರಿನ ಕಡೆಯ ತುದಿಯನ್ನು ಕಿತ್ತು, ನಡುವಿನ ಕಡ್ಡಿಗೆ ಬೆರಳು ತಾಗಿಸಿದೆ. ಒಂದು ಗಳಿಗೆ ಏನಿಲ್ಲ. ಆಮೇಲೆ ದೀಪ ಹಸಿರಾಗಿ, 'ಗುಂಯ್' ಎಂದಿತು ಡಬ್ಬಾ. ಮನೆಯ ವೈರಿಂಗಿನ 50 ಹರ್ಟ್ಸ್ ಗುಂಗು ನಮ್ಮ ಮೈಮೇಲೂ ಸದಾ ಇರುತ್ತದೆ. ಅದೇ ಬೆರಳಿನಿಂದ ಒಳಹೊಕ್ಕು ಹೊರಬಂತು. ಡಬ್ಬಾ ಬದುಕಿತ್ತು, ವೈರೂ ನೆಟ್ಟಗಿತ್ತು. ಮಾವ ತಾವೂ ಒಂದು ಸಲ ಬೆರಳಿಟ್ಟು ಗುಂಯ್ಗುಡಿಸಿದರು. ಅತ್ತೆಯನ್ನೂ ಕರೆದು ಇಡಿಸಿದರು.

ತಪ್ಪು ಹಾಗಾದರೆ ರಿಸೀವರಿನದು. ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು ಹೊಕ್ಕು ನೋಡಿದರೆ, 'ಸಬ್‌ವೂಫರ್' ಎಂಬುದರ ಮುಂದೆ 'ಇಲ್ಲ' ಎಂದು ಬರೆದುಕೊಂಡಿತ್ತು! ಭಾವಮೈದ ತಲೆ ಕೆರೆದುಕೊಂಡ. ತಂದ ದಿನ ಜೊತೆಗೆ ಕೊಟ್ಟ ಪುಟ್ಟ ಮೈಕನ್ನು ಕುರ್ಚಿಯ ಮೇಲಿಟ್ಟು ಅಳತೆ ಮಾಡಿಸಿದ್ದನಂತೆ. ರಿಸೀವರು ಒಂದೊಂದೇ ಸ್ಪೀಕರಿನಿಂದ ಸದ್ದು ಹೊರಡಿಸಿ, ಮೈಕಿಗೆ ಕೇಳಿಸಿದ್ದನ್ನು 'ಇದೆ' ಎಂದೂ ಕೇಳಿಸದ್ದನ್ನು 'ಇಲ್ಲ' ಎಂದೂ ಗುರುತಿಟ್ಟುಕೊಳ್ಳುತ್ತದೆ. ಅಂದು ಗೋಡೆಯಾಚೆ ಎಂಟೂ ಮಗ್ಗ ಓಡುತ್ತಿದ್ದವು. ಸುತ್ತ ಗದ್ದಲ ಹೆಚ್ಚು ಎಂದು ಅದು ಎರಡು ಮೂರು ಸಲ ಗೊಣಗಿತು, ಇವನು ಮುಂದೆ ಹೋಗು ಎಂದು ಒತ್ತಿದ. ಆ ಗುಡುಗಿನಲ್ಲಿ ಇದರ ಗುಡುಗು ಯಾವುದೆಂದು ಮೈಕಿಗೆ ತಿಳಿಯದೆ ಹೋಗಿರಬೇಕು ಎಂಬುದು ನನ್ನ ಊಹೆ. ಅಂದರೆ ಡಬ್ಬಾ ಕೆಟ್ಟಿರಲೇ ಇಲ್ಲ. ಬಂದ ದಿನದಿಂದ ಒಂದು ದಿನವೂ ಕೆಲಸ ಮಾಡಿರಲಿಲ್ಲ ಅಷ್ಟೆ. ಇಂಥವರನ್ನು ನಮ್ಮ ಬ್ಯಾಂಕಿನಲ್ಲೂ ನೋಡಿದ್ದೇನೆ.

'ಇದೆ' ಎಂದು ತಿದ್ದಿದೆವು. 80 ಹರ್ಟ್ಸಿನಿಂದ ಕೆಳಗಿನದೆಲ್ಲ ಡಬ್ಬಾದ ಪಾಲಿಗೆ ಎಂದು ಗೆರೆ ಹಾಕಿದೆವು. ಗೋಡೆಗೊರಗಿ ಕೂತಿದ್ದ ನನಗೆ ಎದೆ ಝುಮ್ಮೆಂದಿತು. ಹಜಾರದ ನಟ್ಟನಡುವೆ, ಫ್ಯಾನಿನ ಕೆಳಗೆ, ತಮ್ಮ ಕಾಯಂ ಕುರ್ಚಿಯಲ್ಲಿ ಕೂತಿದ್ದ ಮಾವ ಮಾತ್ರ "ಇನ್ನೂ ಇಲ್ಲ" ಎಂದರು. ವಯಸ್ಸಾಯಿತು, ಮಗ್ಗದ ಕಿವಿ ಎಂದುಕೊಂಡೆ. ತಪ್ಪು ನನ್ನದು. ಮಗ್ಗದ ಸದ್ದು ಮೊದಲು ತಿನ್ನುವುದು 4,000 ಹರ್ಟ್ಸಿನ ಆಸುಪಾಸಿನ ಕೀಚಲು ದನಿಗಳನ್ನು. ತಗ್ಗುದನಿಯಲ್ಲಿ ಅವರ ಕಿವಿ ನನ್ನದಕ್ಕಿಂತ ಚುರುಕು. ದೋಷ ಕುರ್ಚಿಯದು. ಹಜಾರದ ಉದ್ದ 17 ಅಡಿ. 33 ಹರ್ಟ್ಸಿನ ಅಲೆಯ ಅರ್ಧ ಅದರಲ್ಲಿ ಸರಿಯಾಗಿ ಹಿಡಿಸುತ್ತದೆ. ಎರಡು ತುದಿಯ ಗೋಡೆಗಳ ಬಳಿ ಅಬ್ಬರಿಸಿ, ನಡುಮಧ್ಯದಲ್ಲಿ ಸೊನ್ನೆಯಾಗುತ್ತದೆ. ಮನೆಯ ಯಜಮಾನ ಕೂತದ್ದು ಆ ಸೊನ್ನೆಯಲ್ಲಿ.

ಇದಕ್ಕೆ ಬಲ್ಲವರು ಹೇಳುವ ಉಪಾಯವೆಂದರೆ, ಡಬ್ಬಾವನ್ನೇ ಕುರ್ಚಿಯ ಮೇಲೆ ಕೂರಿಸಿ, ನಾವು ಕೋಣೆಯ ಸುತ್ತ ಅಂಬೆಗಾಲಿಟ್ಟು, ಎಲ್ಲಿ ಚೆನ್ನಾಗಿ ಕೇಳುತ್ತದೋ ಅಲ್ಲಿ ಅದನ್ನು ಇಡುವುದು. ಬಿಳಿ ಪಂಚೆಯ ಅಳಿಯ ಹಜಾರದ ಮೂಲೆಮೂಲೆಗೆ ಅಂಬೆಗಾಲಿಡುತ್ತಿರುವಾಗ ಪಕ್ಕದ ಮನೆಯವರು ಎಳ್ಳುಂಡೆ ಕೊಡಲು ಬಂದರು. ಅತ್ತೆ ಅವರಿಗೆ ತಮಿಳಿನಲ್ಲಿ ಏನು ಹೇಳಿ ಕಳಿಸಿದರೋ ನನಗೆ ಅರ್ಥವಾಗಲಿಲ್ಲ, ಅವರು ಮಾತ್ರ ಬಹಳ ಮರುಕದಿಂದ ನೋಡಿ ಹೋದರು. ಕೊನೆಗೆ ಮಾವನೇ ಕುರ್ಚಿಯನ್ನು ಎರಡಡಿ ಹಿಂದೆ ಎಳೆದುಕೊಂಡು, "ಈಗ ಬಂತು" ಎಂದರು.

ಮುಷ್ಕರ ತಿಂಗಳು ದಾಟಿತು. ಫೆಬ್ರವರಿಯಲ್ಲಿ ಒಂದು ಸಂಜೆ ಮಾವ ಫೋನು ಮಾಡಿದರು. ಮತ್ತೆ ಹಳೆಯ ಕೂಗುದನಿ. ಮೊಬೈಲನ್ನು ಅತ್ತ ಹಿಡಿದರೆಂದು ಕಾಣುತ್ತದೆ. ಫೋನಿನ ಸಣ್ಣ ಸ್ಪೀಕರಿಗೆ ತಗ್ಗುದನಿ ಹೊರುವ ಶಕ್ತಿಯಿಲ್ಲ, ನನಗೆ ಕೇಳಿದ್ದು ಟಕಟಕ ಟಕಟಕ ಅಷ್ಟೆ.

"ಕೇಳಿಸ್ತಾ?"

"ಕೇಳಿಸ್ತು ಮಾವ."

"ಯಾವುದು, ತರಿನಾ, ಡಬ್ಬಾನಾ?"