ಪಂಜರದ ಹಕ್ಕಿಯೂ ಬಯಲಿನ ಗಿಡುಗವೂ

ಸಾಕಿದ ಹಕ್ಕಿಗೆ ಎಳಬಿಸಿಲು ಹಿತವೆಂಬುದು ನಿಜ; ಆದರೆ ಬಿಸಿಲು ಬೀಳುವ ಅಂಗಳದ ಮೇಲೆ ಗಿಡುಗದ ನೋಟವೂ ಬೀಳುವುದು. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಮನೆಗಳಲ್ಲಿ ಪಾರಿವಾಳಗಳುಂಟು, ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿಗಳುಂಟು. ನಾಡಗಿಳಿಯನ್ನಾದರೋ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪಂಜರದಲ್ಲಿಡಲಾಗದು.

ಕಂಬಿಗಳೇ ಕಾವಲೆಂದು ನಂಬಿ ಒಳಗೆ ಹೋಗುವವರು ಬಹುಮಂದಿ. ಗಿಡುಗವು ಕಂಬಿಯ ನಡುವೆ ಉಗುರು ಚಾಚಬಲ್ಲುದು. ಬೆಕ್ಕು ಪಂಜರವನ್ನೇ ಉರುಳಿಸಬಲ್ಲುದು. ಹಾವು ಸಣ್ಣ ಸಂದಿನಲ್ಲಿ ನುಸುಳಬಲ್ಲುದು. ಯಾವುದೂ ಮುಟ್ಟದಿದ್ದರೂ, ನೆರಳು ಹಾಯ್ದೊಡನೆ ಬೆದರಿದ ಹಕ್ಕಿ ಕಂಬಿಗೆ ಬಡಿದುಕೊಂಡು ಸಾಯುವುದುಂಟು. ನಮ್ಮ ಬೀದಿಯ ಮಗುವೊಂದು ಅಂಥದನ್ನು ಅಂಗೈಯಲ್ಲಿಟ್ಟುಕೊಂಡು ಬಂದು, "ಗಾಯವೇ ಇಲ್ಲವಲ್ಲ, ಏಕೆ ಸತ್ತಿತು?" ಎಂದು ಕೇಳಿತು.

ಆದುದರಿಂದ ಕಿರುಗಣ್ಣಿನ ಗಟ್ಟಿ ಜಾಲರಿ, ಮೇಲೆ ಅರ್ಧ ಹೊದಿಕೆ, ಬೆನ್ನಿಗೆ ಗೋಡೆ, ನೆಲದಿಂದ ಎತ್ತರ, ಭದ್ರವಾದ ಅಗಳಿ, ಇವೈದೂ ಬೇಕು. ನಮ್ಮ ಸೀಮೆಯ ಬೇಸಗೆಯಲ್ಲಿ ಬಿಸಿಲೇರುವ ಮುನ್ನವೇ ಒಳಗೆ ತರಬೇಕು. ಗಿಡುಗಕ್ಕೆ ಕಲ್ಲೆಸೆಯುವುದು ತರವಲ್ಲ. ಅದೂ ಅದೇ ಕಾಯಿದೆಯ ರಕ್ಷಣೆಯಲ್ಲಿರುವುದು, ಹಸಿವು ಅದರ ಅಪರಾಧವಲ್ಲ.

ಮಸ್ಕಿಯ ಬಂಡೆಶಾಸನವು 1915ರಲ್ಲಿ ಬೆಳಕಿಗೆ ಬಂದು, 'ದೇವಾನಾಂಪ್ರಿಯ'ನು ಅಶೋಕನೇ ಎಂಬುದನ್ನು ಸ್ಥಿರಪಡಿಸಿತಷ್ಟೆ. ಆ ಅರಸನು ಉತ್ತರದೇಶದ ತನ್ನ ಐದನೆಯ ಸ್ತಂಭಶಾಸನದಲ್ಲಿ, ಕೊಲ್ಲಬಾರದ ಜೀವಿಗಳ ಪಟ್ಟಿಯನ್ನು ಶುಕ ಸಾರಿಕೆಗಳಿಂದ ಆರಂಭಿಸಿ ಊರ ಪಾರಿವಾಳವನ್ನೂ ಸೇರಿಸಿರುವನು. ರಾಜಾಜ್ಞೆಯು ಮನುಷ್ಯನ ಕೈಯನ್ನು ತಡೆದೀತು. ಗಿಡುಗವು ಶಾಸನವನ್ನು ಓದುವುದಿಲ್ಲ. ಹಾರಾಟವೇ ಹಕ್ಕಿಗೆ ಸಹಜರಕ್ಷೆ. ಅದನ್ನು ಕಸಿದುಕೊಂಡವನು, ಹಕ್ಕಿ ಹೊರಗಿರುವಷ್ಟು ಹೊತ್ತು ಬಳಿಯಲ್ಲಿ ಕುಳಿತಿರುವುದು ಉಪಕಾರವಲ್ಲ, ಋಣ.