ನೀಲಿ ಗಡ್ಡದವನ ಬೀಗದ ಕೈ

ಕಳೆದ ರಜೆಯಲ್ಲಿ ಯುರೋಪಿನ ಜನಪದ ಕಥೆಗಳ ಪುಸ್ತಕವೊಂದನ್ನು ನಮ್ಮ ಗ್ರಂಥಾಲಯದಿಂದ ಮನೆಗೆ ಒಯ್ದಿದ್ದೆ. ಸಿಂಡರೆಲ್ಲಾ ಓದೋಣ ಎಂದು ತೆರೆದರೆ ಸಿಕ್ಕಿದ್ದು ಹೆಂಡತಿಯರನ್ನು ಕೊಲ್ಲುವ ಗಂಡನ ಕಥೆ, ‘ನೀಲಿ ಗಡ್ಡ’. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಇವೆರಡೂ ಇವೆ.

ಅವನು ದೊಡ್ಡ ಶ್ರೀಮಂತ. ಹಿಂದಿನ ಹೆಂಡತಿಯರು ಏನಾದರೆಂದು ಯಾರಿಗೂ ಗೊತ್ತಿಲ್ಲ. ಆದರೂ ನೆರೆಮನೆಯ ಹುಡುಗಿ ಅವನ ಔತಣಗಳಿಗೆ ಮರುಳಾಗಿ, ಗಡ್ಡ ಅಷ್ಟೇನೂ ನೀಲಿಯಿಲ್ಲ ಎಂದುಕೊಂಡು ಮದುವೆಯಾಗುತ್ತಾಳೆ. ತಿಂಗಳ ನಂತರ ಅವನು ಎಲ್ಲ ಬೀಗದ ಕೈಗಳನ್ನೂ ಕೊಟ್ಟು, ಒಂದು ಚಿಕ್ಕ ಕೋಣೆಯನ್ನು ಮಾತ್ರ ತೆರೆಯಬೇಡ ಎಂದು ಹೇಳಿ ಪ್ರಯಾಣ ಹೊರಡುತ್ತಾನೆ. ಅವಳು ತೆರೆಯುತ್ತಾಳೆ. ನೆಲದ ತುಂಬ ರಕ್ತ, ಸತ್ತ ಹೆಂಡತಿಯರು. ಕೈಯಿಂದ ಜಾರಿದ ಬೀಗದ ಕೈಗೆ ರಕ್ತ ಅಂಟುತ್ತದೆ. ಮರಳು ಹಾಕಿ ಉಜ್ಜಿದರೂ ಹೋಗದು. ಒಂದು ಕಡೆ ತೊಳೆದರೆ ಇನ್ನೊಂದು ಕಡೆ ಕಾಣಿಸುತ್ತದೆ. ರಾತ್ರಿ ಇದನ್ನು ಓದಿ ನಾನು ದೀಪ ಆರಿಸಲೇ ಇಲ್ಲ.

ಕೊನೆಗೆ ಅಣ್ಣಂದಿರು ಕುದುರೆಯೇರಿ ಬಂದು ಅವನನ್ನು ಕೊಂದು ಅವಳನ್ನು ಉಳಿಸುತ್ತಾರೆ. ಆಮೇಲೆ ಪೆರೋ ಒಂದು ನೀತಿ ಸೇರಿಸಿದ್ದಾನೆ: ಹೆಂಗಸರಿಗೆ ಕುತೂಹಲ ಒಳ್ಳೆಯದಲ್ಲವಂತೆ! ಕೊಂದವನು ಅವನು, ಬುದ್ಧಿಮಾತು ಇವಳಿಗೆ.

ನನಗೆ ಸಿಟ್ಟು ಬರಲು ಬೇರೆ ಕಾರಣವೂ ಇತ್ತು. ಆಗಷ್ಟೇ ಆಪಾಳಿಗೆ ಒಂದು ಸಂಬಂಧ ಬಂದಿತ್ತು. ಹುಡುಗನ ಮೊದಲ ನಿಶ್ಚಿತಾರ್ಥ ಮುರಿದಿತ್ತು. ಯಾಕೆ ಮುರಿಯಿತು ಎಂದು ಆಪಾ ಕೇಳಿದ್ದಕ್ಕೆ, “ಹೆಣ್ಣುಮಕ್ಕಳು ಅಷ್ಟೆಲ್ಲ ಕೆದಕಬಾರದು” ಎಂದರು ಹಿರಿಯರೊಬ್ಬರು. ಅಮ್ಮಿ ಸುಮ್ಮನೆ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದರು. ನಿಕಾಹ್‌ಗೆ ಹುಡುಗಿಯ ಒಪ್ಪಿಗೆ ಬೇಕೇಬೇಕು ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಏನೂ ತಿಳಿಯದೆ ಯಾವುದಕ್ಕೆ ಒಪ್ಪುವುದು? ನಮಗೆಲ್ಲ ಗೊತ್ತಿರುವ ಶಹರಜಾದಳ ಗಂಡನೂ ಕೊಲೆಗಾರನೇ. ಆದರೆ ಅವಳಿಗೆ ಅದು ಮೊದಲೇ ಗೊತ್ತಿತ್ತು. ಅದಕ್ಕೇ ಕಥೆಗಳನ್ನು ಸಿದ್ಧಮಾಡಿಕೊಂಡು ಹೋದಳು.

ಅದೇ ಪುಸ್ತಕದಲ್ಲಿ ಜರ್ಮನಿಯ ಗ್ರಿಮ್ ಸಹೋದರರ ‘ಫಿಚರ್‌ನ ಹಕ್ಕಿ’ ಎಂಬ ಕಥೆಯೂ ಇದೆ. ಇಲ್ಲಿ ಮಾಂತ್ರಿಕನೊಬ್ಬ ಬೀಗದ ಕೈ ಜೊತೆ ಒಂದು ಮೊಟ್ಟೆಯನ್ನೂ ಕೊಟ್ಟು, ಹೋದಲ್ಲೆಲ್ಲ ಅದನ್ನು ಹಿಡಿದುಕೊಂಡೇ ಇರು ಎನ್ನುತ್ತಾನೆ. ಇಬ್ಬರು ಅಕ್ಕಂದಿರು ಮೊಟ್ಟೆಯನ್ನು ರಕ್ತದಲ್ಲಿ ಬೀಳಿಸಿ ಸಿಕ್ಕಿಬೀಳುತ್ತಾರೆ. ಮೂರನೆಯವಳು ಮೊದಲು ಮೊಟ್ಟೆಯನ್ನು ಜೋಪಾನವಾಗಿ ಎತ್ತಿಟ್ಟು, ಆಮೇಲೆ ಬಾಗಿಲು ತೆರೆಯುತ್ತಾಳೆ. ಅಕ್ಕಂದಿರ ಅಂಗಗಳನ್ನು ಜೋಡಿಸಿ ಬದುಕಿಸುತ್ತಾಳೆ. ಬುಟ್ಟಿಯಲ್ಲಿ ಚಿನ್ನದ ಕೆಳಗೆ ಅವರನ್ನು ಅಡಗಿಸಿ, ಆ ಮಾಂತ್ರಿಕನ ಬೆನ್ನ ಮೇಲೆಯೇ ಹೊರಿಸಿ ಮನೆಗೆ ಕಳಿಸುತ್ತಾಳೆ! ತಾನು ಮೈಗೆ ಜೇನು ಬಳಿದು, ಗರಿಗಳಲ್ಲಿ ಹೊರಳಿ, ಹಕ್ಕಿಯ ವೇಷದಲ್ಲಿ ಅವನೆದುರೇ ನಡೆದುಹೋಗುತ್ತಾಳೆ. ಇವಳಿಗೆ ಯಾರೂ ನೀತಿ ಹೇಳಿಲ್ಲ.

ಈ ಕಥೆಯನ್ನು ಆಪಾಳಿಗೆ ಹೇಳಿದೆ. ಅಷ್ಟರಲ್ಲಿ ಅಬ್ಬಾ ತಾವೇ ವಿಚಾರಿಸಿದ್ದರು. ಆಮೇಲೆ ಆ ಕಡೆಯಿಂದ ಫೋನ್ ಬರಲಿಲ್ಲ; ನಾವೂ ಮಾಡಲಿಲ್ಲ. ಆಪಾ ಬಟ್ಟೆ ಮಡಚುತ್ತಾ ಪೂರ್ತಿ ಕೇಳಿ, “ಮೊಟ್ಟೆ ಎಲ್ಲಿಟ್ಟಿದ್ದಳೇ?” ಎಂದಳು. ಪುಸ್ತಕ ತೆಗೆದು ನೋಡಿದೆ. ಜಾಗ ಬರೆದಿರಲಿಲ್ಲ.